ಬೈಯುವವರಿಲ್ಲದ ಊರಿನಿಂದ

ಅಧ್ಯಕ್ಷರು, ಕಾಣೆಯಾದವರ ವಿಭಾಗ, ಸಂಧಾನ ಆಯೋಗ, ಅಬಿಜಾನ್ ಇವರಿಗೆ

ಮಾನ್ಯರೇ,

ಮೊದಲಿಗೆ ತಪ್ಪೊಪ್ಪಿಗೆ. ನಿಮ್ಮ ಅರ್ಜಿ ನಮೂನೆಯಲ್ಲಿ ನಾನು ಸುಳ್ಳು ಬರೆದಿದ್ದೇನೆ. ‘ಕಾಣೆಯಾದವರೊಂದಿಗೆ ಅರ್ಜಿದಾರರ ಸಂಬಂಧ’ ಎಂಬಲ್ಲಿ ‘ಸೋದರಮಾವನ ಮಗ’ ಎಂದು, ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿದ ಇದೇ ಕೈಯಿಂದ, ದುಂಡಗಿನ ಅಕ್ಷರದಲ್ಲಿ. ಕಾನೂನು ತನ್ನ ಕೆಲಸ ಮಾಡಲಿ. ಆದರೆ ನಾನು ಮೊದಲು ಬರೆದಿದ್ದ ನಿಜವನ್ನು ಹೊಡೆದುಹಾಕಿಸಿದ್ದು ನಿಮ್ಮ ದಲೋವಾ ಕಚೇರಿಯ ಗುಮಾಸ್ತೆ ಎಂಬುದೂ ದಾಖಲಾಗಲಿ.

“ದ್ರೊ ಗೊಂಡೊ ನಿಮಗೇನಾಗ್ಬೇಕು ಮೇಷ್ಟ್ರೇ?”

“ನನ್ನ ಗುಲಾಮ ಕಣಮ್ಮ.”

“ಇದು ಸರ್ಕಾರಿ ಆಫೀಸು. ತಮಾಷೆಗೆ ಹೊರಗಡೆ ಬೆಂಚಿದೆ.”

“ಅವನನ್ನ ಕೇಳಿದ್ರೆ, ನಾನೇ ಅವನ ಗುಲಾಮ ಅಂತಿದ್ದ.”

“ಅವರನ್ನ ಕೇಳೋ ಹಾಗಿದ್ರೆ ನೀವ್ಯಾಕೆ ಇಲ್ಲಿಗೆ ಬರ್ತಿದ್ರಿ?”

ಅವಳ ತಲೆಯ ಹಿಂದಿನ ಗೋಡೆಯಲ್ಲಿ ನಿಮ್ಮದೇ ಭಿತ್ತಿಪತ್ರವಿತ್ತು: ‘ತುಕ್ಪೆ, ನಾಡಿನ ಶಾಂತಿಯ ಬೇರು.’ ನಾನು ಸೆನೂಫೊ, ಗೊಂಡೊ ಯಾಕುಬಾ. ಈ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು ಗುಲಾಮ ಎಂದು ಬೈಯಬೇಕು; ನಾವು ಗೆಣಸು ತಿನ್ನುವವರೆಂದು ಅವರು, ಅವರು ಅನ್ನ ತಿನ್ನುವವರೆಂದು ನಾವು ಆಡಿಕೊಳ್ಳಬೇಕು. ಬೈಸಿಕೊಂಡವನು ಸಿಟ್ಟಾಗಕೂಡದು, ತಿರುಗಿ ಬೈಯದೆ ಬಿಡಲೂ ಕೂಡದು. ತುಕ್ಪೆ ಎಂದರೆ ಅಷ್ಟೇ, ಗೇಲಿಯ ನಂಟು. ಗೋಡೆಯ ಮೇಲೆ ಅದಕ್ಕೆ ಅಷ್ಟು ಜಾಗ ಕೊಟ್ಟ ತಮಗೆ ನಮೂನೆಯಲ್ಲಿ ಅರ್ಧ ಗೆರೆ ಕೊಡಲಾಗಲಿಲ್ಲವೆ? ಆಯೋಗಕ್ಕೆ ಇದು ಅಯೋಗ್ಯ ಪ್ರಶ್ನೆಯಾದರೆ ಮನ್ನಿಸಿ.

ಗೊಂಡೊ ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರು. ಮಧ್ಯಾಹ್ನ ಶಾಲೆಯೆದುರಿನ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ತಟ್ಟೆ, ಮರಗೆಣಸಿನ ಅಚೆಕೆ, ಒಂದು ಕರಿದ ಮೀನು. ಮೀನಿನ ತಲೆಯನ್ನು ಮುರಿದು ಅವನೇ ತಿನ್ನುತ್ತಿದ್ದ. “ಗುಲಾಮರಿಗೆ ತಲೆ ಕೊಡಬಾರ್ದು, ಯೋಚನೆ ಮಾಡೋಕೆ ಶುರು ಮಾಡ್ತಾರೆ.” ನಾನು ಹೇಳುತ್ತಿದ್ದೆ, “ನಿನ್ನ ತಲೇಲಿ ಬರೀ ಸೊನ್ನೆ ಇರೋದ್ರಿಂದ್ಲೇ ನಿನಗೆ ಲೆಕ್ಕ ಕೊಟ್ಟಿರೋದು, ಅನ್ನದ ಚೀಲ.” ಈಗ ಆ ಅಂಗಡಿಯಾಕೆ ಇಡೀ ಮೀನನ್ನು ನನ್ನ ಮುಂದಿಟ್ಟು ಮರ್ಯಾದೆಯಿಂದ ಹೊರಟುಹೋಗುತ್ತಾಳೆ. ತಲೆಯನ್ನು ತಟ್ಟೆಯಂಚಿಗೆ ಸರಿಸಿಟ್ಟು ಏಳುತ್ತೇನೆ. ಯುದ್ಧದ ನಂತರ ಊರಿಗೆ ಊರೇ ಸಭ್ಯವಾಗಿಬಿಟ್ಟಿದೆ. ಯಾಕುಬಾಗಳೂ ನನಗೆ ನಮಸ್ಕಾರ ಹೇಳಿ ದಾಟುತ್ತಾರೆ. ಹನ್ನೊಂದು ವರ್ಷದಿಂದ ನನ್ನನ್ನು ಬೈದವರಿಲ್ಲ. ಈ ನಷ್ಟಕ್ಕೆ ನಿಮ್ಮಲ್ಲಿ ಪರಿಹಾರದ ಯೋಜನೆ ಉಂಟೆ?

ಯುದ್ಧದ ಕಾರಣಗಳ ಬಗ್ಗೆ ತಮ್ಮ ವರದಿ ದಪ್ಪವಾಗಿದೆಯಂತೆ. ನನಗೆ ತಿಳಿದಿರುವುದು ಇಷ್ಟು. ಕೋಕೋ ಬೆಲೆ ಇಳಿದಂತೆ ಕೋಪದ ಬೆಲೆ ಏರಿತು. ತೋಟ ಮಾಡಲು ಕರೆದವರೇ ತೋಟ ಮಾಡಿದವರನ್ನು ಹೊರಗಿನವರೆಂದರು. ದೇಶದ ಅಧ್ಯಕ್ಷಗಿರಿಗೆ ನಿಲ್ಲುವವನ ತಂದೆ ‘ಮತ್ತು’ ತಾಯಿ ಈ ದೇಶದವರಾಗಿರಬೇಕೋ, ತಂದೆ ‘ಅಥವಾ’ ತಾಯಿ ಆದರೆ ಸಾಕೋ ಎಂದು ನಿಮ್ಮ ಅಬಿಜಾನ್ ನಗರದಲ್ಲಿ ದೊಡ್ಡವರು ವಾದ ಮಾಡಿದರು. ಆ ವಾದ ನಮ್ಮ ರಸ್ತೆ ತಲುಪುವಷ್ಟರಲ್ಲಿ ಅಡ್ಡ ಮಲಗಿಸಿದ ಮರದ ದಿಮ್ಮಿಯಾಗಿತ್ತು. ಗುರುತಿನ ಚೀಟಿಯಲ್ಲಿ ಹೆಸರು ಓದಿ, ಉಸಿರು ಬೇಕೋ ಬೇಡವೋ ಎಂದು ತೀರ್ಮಾನಿಸುವ ಹುಡುಗರು ಅದರ ಹಿಂದೆ ನಿಂತಿದ್ದರು.

ಹನ್ನೊಂದು ವರ್ಷದ ಹಿಂದಿನ ಆ ಅಕ್ಟೋಬರಿನಲ್ಲಿ, ಬಂಡಾಯ ಉತ್ತರದವರದ್ದೆಂದು, ಉತ್ತರದ ಹೆಸರಿನವರನ್ನು ಬಸ್ಸಿನಿಂದ ಇಳಿಸಿ ಬದಿಗೆ ನಿಲ್ಲಿಸುತ್ತಿದ್ದರು. ಸೆನೂಫೊಗಳು ಉತ್ತರದವರು, ನನ್ನನ್ನೂ ನಿಲ್ಲಿಸಿದರು. ಯಾರೂ ಕರೆಯದೆ ಗೊಂಡೊ ಕೆಳಗಿಳಿದು ಬಂದ.

“ಸಾರ್, ಈ ಗೆಣಸಿನ ಮೂಟೆ ನನ್ನ ಗುಲಾಮ. ನೀವು ಇಟ್ಕೊಂಡ್ರೆ ನನ್ನ ಪೆಟ್ಟಿಗೆ ಹೊರೋರು ಯಾರು?”

ಕೋವಿ ಹಿಡಿದವನಿಗೆ ನಗು ಬಂತು. “ಎತ್ಕೊಂಡು ಹೋಗಪ್ಪ ನಿನ್ನ ಸಾಮಾನು.”

ಹೀಗೆ ನಾನು ಸಾಮಾನಾಗಿ ಬದುಕಿದೆ. ನವೆಂಬರ್ ಕೊನೆಗೆ ಪಶ್ಚಿಮದಲ್ಲಿ ಯಾಕುಬಾಗಳ ಮಾನ್ ಪಟ್ಟಣ ಬಂಡೆದ್ದಿತು, ಸಂಶಯದ ಸರದಿ ಯಾಕುಬಾಗಳದಾಯಿತು, ಡಿಸೆಂಬರಿನಲ್ಲಿ ಗೊಂಡೊ ಕಾಣೆಯಾದ.

ಮಾನ್‌ನಲ್ಲಿ ಅವನ ಅಕ್ಕ ದೆಲ್ಫಿನ್ ಇದ್ದಾಳೆ. ಮರಣಪತ್ರವಿಲ್ಲದೆ ಉತ್ತರಕ್ರಿಯೆ ಮಾಡಿದರೆ ಬದುಕಿದ್ದವನನ್ನು ಹೂತಂತೆ ಎಂದು ಮನೆಯವರು ಕೈಕಟ್ಟಿ ಕೂತಿದ್ದಾರೆ. ಯಾಕುಬಾ ಸತ್ತರೆ ಸೆನೂಫೊ ಹೋಗಿ, ಅಳುವವರ ನಡುವೆ ನಿಂತು, ಸತ್ತವನನ್ನು ಮನಸಾರೆ ಬೈಯಬೇಕು. ಅಳುತ್ತಿದ್ದವರು ನಗುವವರೆಗೂ ಬೈಯಬೇಕು. ಹಿಂದೆ ನನ್ನನ್ನು ಕೋತಿಗೆ ಹೋಲಿಸದೆ ಮಾತು ತೆಗೆಯದಿದ್ದ ದೆಲ್ಫಿನ್ ಹೋದ ವಾರ ಫೋನಿನಲ್ಲಿ, “ಮೇಷ್ಟ್ರೇ, ತಾವು ಯಾವಾಗ ಬರ್ತೀರಿ?” ಎಂದಳು. ಆ ‘ತಾವು’ ಕೇಳಿ ನಾನು ಫೋನಿಟ್ಟುಬಿಟ್ಟೆ.

ನೀವು ನನ್ನ ಕಡತವನ್ನು ಮೂರು ಸಲ ಹಿಂತಿರುಗಿಸಿದ್ದೀರಿ: ‘ಪ್ರತ್ಯಕ್ಷದರ್ಶಿಯ ಹೇಳಿಕೆ ಇಲ್ಲ.’ ತಿಂಗಳ ಕೊನೆಗೆ ಉಳಿದ ಕಡತಗಳನ್ನೆಲ್ಲ ಮುಚ್ಚುತ್ತೀರಂತೆ. ನನ್ನ ಆಗ್ರಹ ಒಂದೇ. ಮುಚ್ಚಬೇಡಿ. ದ್ರೊ ಗೊಂಡೊ ಸತ್ತಿದ್ದಾನೆ ಎಂದು ಮೊಹರು ಹಾಕಿ ಬರೆದುಕೊಡಿ. ಅವನಿಗಾಗಿ ನಾನು ಮಾಡದೆ ಉಳಿಸಿದ ಕೆಲಸ ಒಂದೂ ಇಲ್ಲ. ನಿಮ್ಮ ಮೆಟ್ಟಿಲು ಸವೆಸಿದ್ದೇನೆ, ಮಂತ್ರಿಗಳಿಗೆ ಬರೆದಿದ್ದೇನೆ, ಈಗ ಪತ್ರಿಕೆಗೂ ಬರೆಯುತ್ತಿದ್ದೇನೆ. ಇಂಥ ಗೆಳೆಯ ಇನ್ನೊಬ್ಬನಿದ್ದರೆ ತೋರಿಸಿ.

ಒಂದು ಕೆಲಸ ಉಳಿದಿದೆ. ಅದನ್ನು ಕಡತಕ್ಕೆ ಲಗತ್ತಿಸಿಕೊಳ್ಳಿ.

ಡಿಸೆಂಬರ್ ಹದಿನಾಲ್ಕರ ಬೆಳಿಗ್ಗೆ ನಾನು ಗೊಂಡೊ ಇದ್ದ ಬಸ್ಸಿನಲ್ಲೇ ಇದ್ದೆ. ಆ ದಿನ ಎಲ್ಲರನ್ನೂ ಕೆಳಗಿಳಿಸಿ, ಹೇಗೋ ನನ್ನ ಚೀಟಿ ನೋಡಿ ವಾಪಸು ಕೊಟ್ಟಿದ್ದರು. ಗೊಂಡೊನನ್ನು ಬದಿಗೆ ನಿಲ್ಲಿಸಿದಾಗ ಅವನು ನನ್ನತ್ತ ಕೈ ಬೀಸಿ ಕೂಗಿದ, “ಏ ಗುಲಾಮ, ಬಾರೋ ಇಲ್ಲಿ, ಇವರಿಗೆ ಸ್ವಲ್ಪ ಹೇಳು.”

ಕೋವಿಯವನು ನನ್ನನ್ನು ಕೇಳಿದ, “ಇವನು ಗೊತ್ತಾ?”

“ಇಲ್ಲ ಸಾರ್.”

ಗೊಂಡೊ ನಕ್ಕ. ಬೈಗುಳದ ಉಳಿದ ಭಾಗ ಬರುತ್ತದೆಂದು ನನ್ನ ಮುಖವನ್ನೇ ನೋಡುತ್ತ ಕಾದ. ನಾನು ಬಸ್ಸು ಹತ್ತಿ ಕೂತೆ.

ಇಂತಿ,
ಹನ್ನೊಂದು ವರ್ಷ ತಡವಾದ ಪ್ರತ್ಯಕ್ಷದರ್ಶಿ,
ಸಿಲುಯೆ ನಾಹುವಾ
ದಲೋವಾ