ಕಾರಿಗೆ ತೆಗೆದ ಅಳತೆ

ಮಾರ್ಚ್ ೪, ಬುಧವಾರ

ಬೆಳಗ್ಗೆಯಿಂದ ಹನ್ನೊಂದು ಪ್ಯಾಂಟಿಗೆ ಜಿಪ್ ಹಾಕಿದೆ. ಹನ್ನೆರಡನೆಯದಕ್ಕೆ ಕೂತಾಗ ಭಾವಮೈದ ಬಂದ. ಬಂದದ್ದು ತಪ್ಪಲ್ಲ, ಹೊಸ ಕಾರಿನಲ್ಲಿ ಬಂದ. ಹಿಂದೆ ಎರಡು ಎಕ್ಸಾಸ್ಟ್ ಪೈಪು, ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ಫಳಫಳ. ಅಂಗಡಿ ಮುಂದೆ ನಿಲ್ಲಿಸಿ ಸುಮ್ಮಸುಮ್ಮನೆ ಎರಡು ಸಲ ಆಕ್ಸಿಲರೇಟರ್ ಒತ್ತಿದ. ಏನು ಅಗತ್ಯ?

"ಭಾವ, ನಿಮ್ ಕಾರಿಗೆ ಕಫ ಕಟ್ಟಿದೆ. ಕೆಮ್ಮೋದು ಕೇಳಿದ್ರೆ ಪಾಪ ಅನ್ಸುತ್ತೆ."

ಇವಳು ಓವರ್‌ಲಾಕ್ ಮಷಿನ್ ಮೇಲೆ ಬಗ್ಗಿಕೊಂಡೇ ನಕ್ಕಳು. ತಮ್ಮನ ಜೋಕಿಗೆ ಅಕ್ಕ ನಗುವುದು ಸರಿ. ಅಷ್ಟು ಹೊತ್ತು ನಗಬೇಕಿರಲಿಲ್ಲ.

"ಎರಡು ಪೈಪು ಹಾಕೋದೇನ್ ಮಹಾ? ಮನೇಲೇ ಹಾಕ್ತೀನಿ, ನೋಡ್ತಿರು" ಎಂದುಬಿಟ್ಟೆ. ಈ ನಾಲಿಗೆಗೆ ಒಂದು ಗುಂಡಿ ಹೊಲಿದುಕೊಳ್ಳಬೇಕು.

ಮಾರ್ಚ್ ೫, ಗುರುವಾರ

ಇದನ್ನು ಅಳತೆ ಪುಸ್ತಕದ ಹಿಂದಿನ ಪುಟದಿಂದ ಬರೆಯುತ್ತಿದ್ದೇನೆ. ಇವಳು ಮುಂದಿನ ಪುಟಗಳನ್ನಷ್ಟೇ ನೋಡುತ್ತಾಳೆ.

ಕಣ್ಣಿನ ಡಾಕ್ಟರರಿಗೆ ನಾಲ್ಕು ಬಿಳಿ ಕೋಟು ಬೇಕಂತೆ. ಅಳತೆ ತೆಗೆಯಲು ಹೋದವನನ್ನೇ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಗೋಡೆಯ ಅಕ್ಷರ ಓದಿ ಎಂದರು. ಮೇಲಿನ ಎರಡು ಸಾಲು ಓದಿದೆ. ಮೂರನೆಯ ಸಾಲೇ ಇರಲಿಲ್ಲ. ಇತ್ತಂತೆ.

"ಹತ್ತಿರದ್ದು ಚೆನ್ನಾಗಿದೆ. ಹೊಲಿಗೆಗೆ ಏನೂ ತೊಂದ್ರೆ ಇಲ್ಲ. ಡ್ರೈವಿಂಗ್ ಮಾತ್ರ ಇವತ್ತೇ ನಿಲ್ಸಿ. ಇದು ಕನ್ನಡಕಕ್ಕೆ ಬಗ್ಗೋದಲ್ಲ."

ಲೈಸೆನ್ಸ್ ಈ ತಿಂಗಳ ೩೧ಕ್ಕೆ ಮುಗಿಯುತ್ತದೆ. ಮುಂದುವರಿಸಲು ಇವರ ಸಹಿ ಬೇಕು. ಹಾಕುವುದಿಲ್ಲ ಎಂದರು. ಮೊದಲಿಗೆ ಸಿಟ್ಟು ಬಂತು — ಕೋಟಿನ ತೋಳು ಒಂದಿಂಚು ಗಿಡ್ಡ ಮಾಡಿಬಿಡಲೇ ಎನ್ನಿಸಿತು. ಮಾಡುವುದಿಲ್ಲ.

ಕಾರನ್ನು ಕೀ ಕೈಯಲ್ಲಿಟ್ಟುಕೊಂಡು ಅಲ್ಲೇ ಬಿಟ್ಟೆ. ಸಂಜೆ ಎದುರು ಮನೆ ವೆಲ್ಡರ್‌ನಿಂದ ತರಿಸಿದೆ. ಇವಳಿಗೆ ಬ್ಯಾಟರಿ ಹೋಗಿದೆ ಎಂದೆ.

ಇಪ್ಪತ್ತಾರು ವರ್ಷ ಓಡಿಸಿದ್ದೇನೆ. ಅತ್ತರೆ ನಗುತ್ತಾರೆ. ಒಳಗೊಳಗೇ ಅತ್ತೆ.

ಮಾರ್ಚ್ ೮, ಭಾನುವಾರ

ಲೆಕ್ಕ ಸರಳ. ೨೭ಕ್ಕೆ ಇವಳ ಡ್ರೈವಿಂಗ್ ಪರೀಕ್ಷೆ, ಮೂರನೇ ಸಲ. ಮೊದಲ ಸಲ ಕಂಬಕ್ಕೆ ಗುದ್ದಿದಳು. ಎರಡನೇ ಸಲ ಏರಿನಲ್ಲಿ ಹಿಂದಕ್ಕೆ ಜಾರಿದಳು, ಇನ್‌ಸ್ಪೆಕ್ಟರ್ ಬಾಗಿಲು ತೆಗೆದು ಹಾರಿದರು. ಈ ಸಲವೂ ಫೇಲಾದರೆ ಮನೆಯಲ್ಲಿ ಕಾರು ಓಡಿಸುವವರೇ ಇಲ್ಲ. "ಈ ಹಳೇ ಡಬ್ಬಾನ ನಾನೇ ತಗೊಂಡೋಗಿ ಗುಜರಿಗೆ ಹಾಕಿ ಬರ್ತೀನಿ ಬಿಡಿ" ಎಂದು ಭಾವಮೈದ ಆಗಲೇ ಹೇಳಿಟ್ಟಿದ್ದಾನೆ. ಪುಣ್ಯಾತ್ಮ.

ಪಾಸಾದರೆ ಕಾರು ಇವಳದು. ಕೊಡುವ ಮೊದಲು ಅದಕ್ಕೊಂದು ಒಳ್ಳೆಯ ಗಂಟಲು ಕೊಡಬೇಕು. ಇದು ಹಠ ಅಂದರೆ ಹಠ.

ಇವಳು: "ಪರೀಕ್ಷೆ ಹತ್ರ ಬಂದಾಗ್ಲೇ ಬಿಚ್ಚಬೇಕಾ ಅದನ್ನ?"

"ಮೂರೇ ದಿನ ಕಣೇ. ವಿಡಿಯೋ ನೋಡಿದೀನಿ."

"ನೀವು ರವಿಕೆಗೆ ಮೂರೇ ದಿನ ಅಂತೀರಿ. ಹೆಂಗಸ್ರು ಬಂದು ಬಂದು ಮೆಟ್ಲು ಸವೆದಿದೆ."

ಮಧ್ಯಾಹ್ನ ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿ ಟೇಪು ಹಿಡಿದು ಅದರಡಿ ನುಗ್ಗಿದೆ. ಇಂಜಿನ್ನಿನಿಂದ ಒಂದೇ ಪೈಪು, ನಡುವೆ ಸೈಲೆನ್ಸರ್, ಎಡಗಡೆ ಹಿಂದೆ ಬಾಯಿ. ನಡುವೆ ಕತ್ತರಿಸಿ ವೈ ಆಕಾರದ ತುಂಡು ಜೋಡಿಸಬೇಕು, ಪ್ಯಾಂಟಿನ ಕವಲಿನ ಹಾಗೆ. ನನಗೆ ಹೇಳಿಕೊಡಬೇಕೇ? ಎಡಗಡೆಯದಕ್ಕೆ ಕಂದು ಕಾಗದದಲ್ಲಿ ಪ್ಯಾಟರ್ನ್ ತೆಗೆದೆ. ಕಾಗದ ಮಡಚಿ ಎಡ ಬಲ ಎರಡನ್ನೂ ಒಟ್ಟಿಗೆ ಕತ್ತರಿಸಿದೆ. ಅರ್ಧ ಗಂಟೆ ಉಳಿಯಿತು.

ಮಾರ್ಚ್ ೯, ಸೋಮವಾರ. ಬೆಳಗ್ಗೆ ೭

ಹಳೇ ಪೈಪಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕತ್ತರಿಸಿದೆ. ತುಕ್ಕೆಲ್ಲ ಬಾಯಿಗೆ. ಆದರೂ ಖುಷಿ.

ಎದುರು ಮನೆ ವೆಲ್ಡರ್ ಬಂದು ನಿಂತು ನೋಡಿದ. ಮಾತು ಕಡಿಮೆಯ ಮನುಷ್ಯ, ದಿನಕ್ಕೆ ಏಳೆಂಟು ಶಬ್ದ, ಅದರಲ್ಲಿ ಅರ್ಧ "ಹ್ಞಾಂ".

"ಸೈಲೆನ್ಸರ್?"

"ಎರಡು ಹೊಸದು ತಂದಿದೀನಿ. ಗದ್ದಲ ಬೇಡ, ಗತ್ತು ಸಾಕು."

"ಹ್ಞಾಂ."

ಪ್ಯಾಟರ್ನ್ ಕೊಟ್ಟೆ. ಅದರ ಪ್ರಕಾರ ಪೈಪು ಬಗ್ಗಿಸಿ ತರುತ್ತಾನೆ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಏನೋ ಕೇಳಲು ಬಾಯಿ ತೆರೆದು, ಕೇಳಲಿಲ್ಲ. ನನ್ನ ಅಳತೆಯಲ್ಲಿ ಕೇಳುವುದೇನಿದೆ?

ಮಾರ್ಚ್ ೧೪, ಶನಿವಾರ

ಮೂರು ದಿನ ಆರಾಯಿತು. ಪೈಪು ಬಂತು. ಕೂರಲಿಲ್ಲ.

ಎಡಗಡೆಯದು ಮುಕ್ಕಾಲು ಅಡಿ ಎನ್ನುವ ಹಾಗೆ ಬಂಪರಿನಾಚೆ ಮೂತಿ ಚಾಚಿತು. ಪ್ರತಿ ಜೋಡಣೆಗೂ ಆಚೆ ಈಚೆ ಒಂದೊಂದಿಂಚು ಹೆಚ್ಚು. ವೆಲ್ಡರ್ ಟೇಪು ಹಿಡಿದು ನೋಡಿದ. ನನ್ನ ಮುಖ ನೋಡಿದ.

"ಹೊಲಿಗೆಗೆ ಅಂಚು ಬಿಟ್ಟಿದೀರಾ?"

ಬಿಟ್ಟಿದ್ದೆ. ಮೂವತ್ತು ವರ್ಷದ ಕೈ, ತಾನಾಗೇ ಬಿಟ್ಟಿದೆ. ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಲು ಬೇಕಲ್ಲ. ಕಾರು ದಪ್ಪಗಾಗುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಅದನ್ನು ಕತ್ತರಿಸಬಹುದು. ಬಲಗಡೆಯದು ಮಾನ ತೆಗೆಯಿತು. ಎಡ ತೋಳಿಗೆ ಬಲ ತೋಳು ಕನ್ನಡಿ — ಮನುಷ್ಯರ ಮೈ ಹಾಗೆ. ಕಾರಿಗೆ ಬಲಗಡೆ ಪೆಟ್ರೋಲ್ ಟ್ಯಾಂಕು ಇದೆ. ನನ್ನ ಪೈಪು ಸೀದಾ ಹೋಗಿ ಟ್ಯಾಂಕಿನ ಹೊಟ್ಟೆಗೆ ಕೂರುತ್ತದೆ.

"ಸ್ಟಾರ್ಟ್ ಮಾಡಿದ್ರೆ ಮೂವರೂ ಹೋಗ್ತೀವಿ" ಎಂದ ವೆಲ್ಡರ್. ಇವತ್ತಿನ ಅತಿ ಉದ್ದದ ಮಾತು.

ಇವಳು ಅಂಗಡಿಗೆ ಹೋಗಿ ಹೊಲಿಗೆ ಮಷಿನ್ ಮುಂದೆ ಕೂತಳು. ಪೆಡಲ್ ಮೇಲೆ ಎಡಗಾಲು ಕ್ಲಚ್ಚು, ಬಲಗಾಲು ಆಕ್ಸಿಲರೇಟರ್. ಕೈಯಲ್ಲಿ ನನ್ನ ಮರದ ಸ್ಕೇಲು, ಅದು ಗೇರು. ಕಣ್ಣು ಮುಚ್ಚಿಕೊಂಡು ಬಾಯಲ್ಲೇ ಶಬ್ದ ಮಾಡುತ್ತ ಏರು ಹತ್ತುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡಿದೆ. ನಗು ಬಂತು, ಆಮೇಲೆ ನಾಚಿಕೆಯಾಯಿತು.

ಮಾರ್ಚ್ ೧೫, ಭಾನುವಾರ

ಬುದ್ಧಿ ಬಂತು! ಬಲಗಡೆಗೆ ಬಟ್ಟೆಯದೇ ಪ್ಯಾಟರ್ನ್. ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಪೈಪಿನ ದಪ್ಪಕ್ಕೆ ಹೊಲಿದು, ಒಳಗೆ ಚಿಂದಿ ತುರುಕಿದೆ. ಕಾರಿನಡಿ ಮಲಗಿ ಟ್ಯಾಂಕಿನಿಂದ ನಾಲ್ಕು ಬೆರಳು ದೂರ ಬಿಟ್ಟು, ಬಳಸಿ, ಮೇಲೆ ಹಾಯಿಸಿ, ಹಿಂದಕ್ಕೆ ತಂದೆ. ಬಗ್ಗುವ ಕಡೆಯೆಲ್ಲ ಒಳಗೆ ತಂತಿ ಇಟ್ಟು ಟಾಕಾ ಹಾಕಿದೆ. ಹೊರಗೆ ತೆಗೆದರೂ ಆಕಾರ ಬಿಡಲಿಲ್ಲ. ಅಂಚು ಬಿಟ್ಟಿಲ್ಲ, ಎರಡು ಸಲ ನೋಡಿದೆ.

ವೆಲ್ಡರ್ ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ. "ಇದು ಕೆಲ್ಸ" ಎಂದ.

ಈ ಎರಡು ಶಬ್ದಕ್ಕೆ ಇಡೀ ದಿನ ಶಿಳ್ಳೆ ಹಾಕಿದ್ದೇನೆ.

ಮಾರ್ಚ್ ೧೯, ಗುರುವಾರ. ಸಂಜೆ ೫

ಕೂತಿತು! ಎರಡೂ ಕಡೆ, ರಬ್ಬರಿನಲ್ಲಿ ತೂಗುಹಾಕಿ, ಟ್ಯಾಂಕಿನ ಪಕ್ಕ ತಗಡಿನ ಮರೆ ಕೊಟ್ಟು, ವೆಲ್ಡ್ ಮಾಡಿ, ಮುಗಿಯಿತು. ಕೀ ತಿರುಗಿಸಿದೆ.

ಅಯ್ಯೋ, ಏನು ಶಬ್ದ! ಕೆಮ್ಮಿಲ್ಲ, ಗೊರಕೆಯಿಲ್ಲ. ಎದೆಯ ಒಳಗೆ ಯಾರೋ ನಿಧಾನವಾಗಿ ಮಾತಾಡಿದ ಹಾಗೆ. ಅಂಗಳದಲ್ಲೇ ಕೂತು ಕಣ್ಣು ಮುಚ್ಚಿಕೊಂಡೆ. ಒಂದೇ ಸಲ ಜೋರಾಗಿ ಒತ್ತಿದೆ. ಒಂದೇ ಸಲ.

ಹಿಂದೆ ತಂತಿಯ ಮೇಲೆ, ಚಾಕ್ ಗುರುತು ಹೋಗಲೆಂದು ಒಗೆದ ಡಾಕ್ಟರರ ಬಿಳಿ ಕೋಟು ತೋಳು ಚಾಚಿ ಒಣಗುತ್ತಿತ್ತು.

ಪೈಪಿನೊಳಗಿನ ಎಣ್ಣೆ, ಮಸಿ, ನೀರು ಎಲ್ಲ ಒಟ್ಟಿಗೆ ಹೊರಬಂತು. ಕೋಟಿನ ಮೇಲೆ ತೋಳಿಗೊಂದರಂತೆ ಎರಡು ಕಪ್ಪು ಗುಂಡು, ಕಣ್ಣಿನ ಹಾಗೆ. ಎರಡರ ನಡುವಿನ ಅಂತರ ಅಳೆದೆ, ಸರಿಯಾಗಿದೆ. ಪೈಪು ನೇರ ಕೂತಿರುವುದಕ್ಕೆ ಸಾಕ್ಷಿ. ಇವಳಿಗೆ ಈ ಸಾಕ್ಷಿ ಹಿಡಿಸಲಿಲ್ಲ.

ಮಾರ್ಚ್ ೨೦, ಶುಕ್ರವಾರ

ಕೋಟಿಗೆ ಡಾಕ್ಟರರೇ ಬಂದರು. ಮೂರು ಕೊಟ್ಟೆ, ನಾಲ್ಕನೆಯದು ಸೋಮವಾರ ಎಂದೆ. ಹೊರಡುವಾಗ ಆ ಮನುಷ್ಯ ಇವಳ ಮುಂದೆಯೇ — "ಡ್ರೈವಿಂಗ್ ಬಿಟ್ರಿ ತಾನೇ?"

ಸತ್ತೆ ಎಂದುಕೊಂಡೆ. ಅವರು ಹೋದ ಮೇಲೆ ಇವಳು ಸೂಜಿಗೆ ದಾರ ಪೋಣಿಸಿದಳು.

"ನಂಗೆ ಗೊತ್ತಿತ್ತು" ಎಂದಳು.

"ಯಾವಾಗಿಂದ?"

"ಆರು ತಿಂಗಳಿಂದ. ಬಸ್ ಸ್ಟಾಪ್ ಹತ್ರ ನಾನು ಎದುರಿಗೆ ಬಂದೆ. 'ಸ್ವಲ್ಪ ದಾರಿ ಬಿಡಿ ಅಮ್ಮಾ' ಅಂದ್ರಿ. ನಾನು ಬಿಟ್ಟೆ."

"ಹೇಳ್ಬಾರ್ದಿತ್ತಾ?"

"ನೀವು ಹೇಳ್ತೀರೇನೋ ಅಂತ ಕಾದೆ. ಮತ್ತೆ ನಾನ್ಯಾಕೆ ಈ ವಯಸ್ಸಲ್ಲಿ ಕಂಬಕ್ಕೆ ಗುದ್ಕೊಂಡು ಡ್ರೈವಿಂಗ್ ಕಲೀತಿದೀನಿ ಅಂದ್ಕೊಂಡ್ರಿ? ಶೋಕಿಗಾ?"

ಕತ್ತರಿ ಕೈಗೆತ್ತಿಕೊಂಡು ಏನನ್ನೂ ಕತ್ತರಿಸದೆ ನಿಂತಿದ್ದೆ. ಈ ಹೆಂಗಸಿಗಿಂತ ಮುಂಚೆ ನಾನು ಒಂದು ದಿನವೂ ಎಲ್ಲಿಗೂ ಹೋಗಿ ಮುಟ್ಟಿದ್ದಿಲ್ಲ.

ಮಾರ್ಚ್ ೨೨, ಭಾನುವಾರ. ಮಧ್ಯಾಹ್ನ ೨

ಹೊಸ ಶಬ್ದದಲ್ಲಿ ಇವಳ ಮೊದಲ ಪಾಠ. ಸರ್ವನಾಶ.

ಈಗ ಹೊಳೆಯಿತು ನಾನು ಮಾಡಿದ ಘನಕಾರ್ಯ. ಕಾರಿನ ಸ್ಪೀಡ್ ಮುಳ್ಳು ಸತ್ತು ವರ್ಷಗಳಾದವು. ಇವಳಿಗೆ ಕಲಿಸಿದ್ದೇ ಕಿವಿಯಿಂದ. "ಮಷಿನ್ ಕೇಳಿದ ಹಾಗೆ ಕೇಳು. ಬಾಬಿನ್ ಖಾಲಿಯಾಗೋದು ನಿಂಗೆ ನೋಡದೇ ಗೊತ್ತಾಗುತ್ತಲ್ಲ, ಹಾಗೆ. ಕಾರು ಕೆಮ್ಮಿದಾಗ ಎರಡನೇ ಗೇರು, ಕಿರುಚಿದಾಗ ಮೂರು." ಆರು ತಿಂಗಳು ಅದನ್ನೇ ಕಲಿತಿದ್ದಾಳೆ. ನಾನು ಕೆಮ್ಮನ್ನೇ ಕಿತ್ತು ಬಿಸಾಕಿದ್ದೇನೆ!

ಒಂದನೇ ಗೇರಿನಲ್ಲೇ ಬೀದಿ ಪೂರ್ತಿ ಹೋದಳು, ಕೆಮ್ಮಲಿ ಎಂದು ಕಾಯುತ್ತ. ಏರಿನಲ್ಲಿ ನಾಲ್ಕು ಸಲ ಇಂಜಿನ್ ಆಫ್.

"ಈಗ! ಈಗ ಹಾಕು! ಅಯ್ಯೋ, ಈಗ ಅಂದ್ರೆ ಈಗ!"

ಕಾರು ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಒತ್ತಿದಳು. ಅಳುತ್ತಾಳೆ ಎಂದುಕೊಂಡೆ. ತಲೆಯೆತ್ತಿ, "ಹಳೇ ಪೈಪು ಎಲ್ಲಿ?" ಎಂದಳು.

"ಎರಡು ತುಂಡಾಗಿದೆ."

"ಹಾಕೋಕಾಗಲ್ವಾ?"

"ಇಲ್ಲ."

"ಸರಿ. ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ನೀವು ಸುಮ್ನಿದ್ರೆ ಅದು ಏನು ಹೇಳುತ್ತೆ ಅಂತ ನಂಗೆ ಕೇಳ್ಸುತ್ತೆ."

ಕೂತೆ. ಕೈಯನ್ನು ತೊಡೆಯಡಿ ಇಟ್ಟುಕೊಂಡೆ. ನನ್ನ ಜೀವಮಾನದ ಅತಿ ಕಷ್ಟದ ಕೆಲಸ. ಊಟದ ಹೊತ್ತಿಗೆ ಎರಡನೇ ಗೇರು ಸಿಕ್ಕಿತು. ಏರು ಸಿಗಲಿಲ್ಲ.

ಮಾರ್ಚ್ ೨೪, ಮಂಗಳವಾರ

ಭಾವಮೈದ ಬಂದ. ನಮ್ಮ ಕಾರು ಸ್ಟಾರ್ಟ್ ಮಾಡಿಸಿ ಕೇಳಿದ. ಮುಖ ಸಣ್ಣಗಾಯಿತು. "ಚೆನ್ನಾಗಿದೆ ಭಾವ... ಆದ್ರೆ ಫಿನಿಶಿಂಗ್ ಇಲ್ಲ."

ವೆಲ್ಡರ್ ಸುಮ್ಮನೆ ಅವನ ಕಾರಿನ ಹಿಂದೆ ಹೋಗಿ ಬಗ್ಗಿದ. ನನ್ನನ್ನು ಕರೆದ. ಬಲಗಡೆಯ ಪೈಪಿಗೆ ಬೆರಳು ಹಾಕಿದ. ಬೆರಳುದ್ದಕ್ಕೇ ಗೋಡೆ! ನಾನೂ ಹಾಕಿದೆ. ಮಸಿಯಿಲ್ಲ. ಹೊಗೆ ಹೋಗುವುದು ಎಡಗಡೆಯಿಂದ ಮಾತ್ರ, ಇದು ಬರೀ ಅಲಂಕಾರ. ಕೋಟಿಗೆ ನಾನು ಇಡುವ ಸುಳ್ಳು ಜೇಬಿನ ಹಾಗೆ.

"ಕಂಪನೀಲೇ ಹಾಗೆ ಬರೋದು" ಎಂದ ಭಾವಮೈದ.

"ಹ್ಞಾಂ" ಎಂದ ವೆಲ್ಡರ್.

ಇವಳು ನಕ್ಕಳು. ಈ ಸಲ ಎಷ್ಟು ಹೊತ್ತು ನಕ್ಕರೂ ನನಗೆ ಸಾಕೆನಿಸಲಿಲ್ಲ.

ಮಾರ್ಚ್ ೨೬, ಗುರುವಾರ

ಇಂದು ಏರಿನಲ್ಲಿ ಹತ್ತು ಸಲ. ಆರು ಸರಿ, ನಾಲ್ಕು ತಪ್ಪು. ಅನ್ನ ಸೇರುತ್ತಿಲ್ಲ ಇಬ್ಬರಿಗೂ.

ಮಾರ್ಚ್ ೨೭, ಶುಕ್ರವಾರ. ಬೆಳಗ್ಗೆ ೧೦.೪೦. ಪರೀಕ್ಷೆಯ ಮೈದಾನ

ಕಲ್ಲು ಬೆಂಚು. ಪಕ್ಕದಲ್ಲಿ ವೆಲ್ಡರ್, ಕಾರು ಇಲ್ಲಿತನಕ ತಂದವನು. ಇನ್‌ಸ್ಪೆಕ್ಟರ್ ಅವರೇ, ಹೋದ ಸಲ ಹಾರಿದವರು. ಇವಳನ್ನು ಕಂಡು ಹತ್ತುವ ಮೊದಲು ಬಾಗಿಲಿನ ಹಿಡಿಕೆ ಎರಡು ಸಲ ಆಡಿಸಿ ನೋಡಿದರು.

ಹೊರಟರು. ಗೇಟು ದಾಟಿದ ಮೇಲೆ ನನಗೆ ಏನೂ ಕಾಣುವುದಿಲ್ಲ. ಆಚೆ ಬರೀ ಬಿಳಿ ಬಯಲು, ಅದರಲ್ಲಿ ಕಾರುಗಳೋ ಕಲ್ಲುಗಳೋ. ವೆಲ್ಡರ್‌ಗೆ "ಎಲ್ಲಿದಾಳೆ ಹೇಳಪ್ಪ" ಎಂದೆ.

"ಕೇಳ್ಸಲ್ವಾ?" ಎಂದ.

ಹೌದಲ್ಲ! ಮೈದಾನದಲ್ಲಿ ಹತ್ತು ಕಾರಿವೆ, ಒಂದೊಂದೂ ಸೊಳ್ಳೆಯ ಹಾಗೆ. ನಡುವೆ ನಮ್ಮದು ಒಂದೇ, ದಪ್ಪ ದನಿ. ಎಲ್ಲಿದ್ದರೂ ಗುರುತು ಸಿಗುತ್ತದೆ. ಇದಕ್ಕೇ ಹಾಕಿದೆ ಎಂದು ಇನ್ನು ಮೇಲೆ ಎಲ್ಲರಿಗೂ ಹೇಳುತ್ತೇನೆ. ಸುಳ್ಳು. ಹೇಳುತ್ತೇನೆ.

ಎರಡನೇ ಗೇರು. ಸರಿ. ಕಂಬಗಳ ನಡುವೆ ತಿರುಗುತ್ತಿದ್ದಾಳೆ... ಗುದ್ದಿದ ಸದ್ದಿಲ್ಲ. ಮೂರು. ಮತ್ತೆ ಎರಡು. ಈಗ ಏರು.

ನಿಂತಿತು.

ಶಬ್ದ ಇಳಿಯುತ್ತಿದೆ, ಇಳಿಯುತ್ತಿದೆ... ಕ್ಲಚ್ ಬಿಡಬೇಡವೇ, ಬಿಡಬೇಡ... ವೆಲ್ಡರ್ ಎದ್ದು ನಿಂತ. ಯಾಕೆ ನಿಂತೆ ಮಾರಾಯ, ಹೇಳು! ಹೇಳುವುದಿಲ್ಲ. ನಾನೂ ಬಾಯಿ ಮುಚ್ಚಿದ್ದೇನೆ.

ಹಿಡಿಯಿತು. ಎರಡೂ ಪೈಪು ಒಟ್ಟಿಗೆ. ಏರುತ್ತಿದೆ, ಜಾರಲಿಲ್ಲ, ಏರುತ್ತಿದೆ. "ಈಗ" ಎಂದು ನಾನು ಅಂದುಕೊಳ್ಳುವ ಮೊದಲೇ ಗೇರು ಹಾಕಿದಳು.

ತಿರುಗಿತು. ಇತ್ತ ಬರುತ್ತಿದೆ. ಕಾಣುತ್ತಿಲ್ಲ, ಆದರೆ ಅವಳೇ. ಈ ಸಲ ದಾರಿಯಲ್ಲಿ ಯಾರೋ ಎಂದುಕೊಳ್ಳುವುದಿಲ್ಲ. ಹತ್ತಿರ ಬಂತು. ಎದ್ದು ಹೋಗಿ ಎದುರಿಗೆ ನಿಲ್ಲಬೇಕು, ಈ ಪೆನ್ನಿನ ಮುಚ್ಚಳ ಎಲ್ಲಿ—