ಭದ್ರಾ ಹಿನ್ನೀರಿನಲ್ಲಿ ನನ್ನ ಪಾಠ

ಏಪ್ರಿಲ್ 12, ಭಾನುವಾರ

ಇವರನ್ನೆಲ್ಲ ಕಟ್ಕೊಂಡು ಇನ್ನು ಎಲ್ಲಿಗೂ ಹೋಗಲ್ಲ. ರಿಟೈರಾದ ಒಂಬತ್ತು ಜನ ಟೀಚರ್‌ಗಳು, ಹಿನ್ನೀರಿನ ನಡುಗಡ್ಡೆಗಳಲ್ಲಿ ಮೊಟ್ಟೆಯಿಡೋ ಟರ್ನ್ ಹಕ್ಕಿ ನೋಡೋಣ ಅಂತ ಭದ್ರಾವತಿಯಿಂದ ಹೋಗಿದ್ವಿ. ದೋಣಿ ಹತ್ತಿದ್ದೇ ತಡ, ಮಂಡಕ್ಕಿ ಪೊಟ್ಟಣ ಬಿಚ್ಚಿದ್ರು. ಅದಕ್ಕೆ ಈರುಳ್ಳಿ ಜಾಸ್ತಿಯಾಯ್ತು ಅಂತ ಜಗಳ ಬೇರೆ. ಆ ಗಲಾಟೆಗೆ ಹಕ್ಕಿಗಳೆಲ್ಲ ಗಾಬರಿಯಾಗಿ ಮೇಲೆದ್ದವು.

ನನಗೆ ತಡೀಲಿಲ್ಲ. ದಡಕ್ಕೆ ಬೆನ್ನು ಹಾಕಿ ನಿಂತು, ಬೆರಳೆತ್ತಿ ಬೈದೆ: “ಕಾಡಿಗೆ ಬಂದಿದ್ದೀರೋ, ಸಂತೆಗೆ ಬಂದಿದ್ದೀರೋ?”

ಎಲ್ಲರೂ ಒಮ್ಮೆಗೇ ಗಪ್‌ಚುಪ್. ಮೂವತ್ತೆರಡು ವರ್ಷ ಕ್ಲಾಸ್ ನಡೆಸಿದ ಗತ್ತು ಇನ್ನೂ ಉಳಿದಿದೆ ಅಂತ ಒಳಗೊಳಗೇ ಹಿಗ್ಗಿದೆ. ಸಿಕ್ಕಿದ್ದೇ ಸಮಯ ಅಂತ ಶಿಸ್ತಿನ ಬಗ್ಗೆ ಇನ್ನಷ್ಟು ಕೊರೆದೆ. ಗಣಿತ ಹೇಳ್ತಿದ್ದ ಅಮೀರುನ್ನೀಸಾ ಒಬ್ಬಳೇ ಮೆಲ್ಲಗೆ ಕೈ ಎತ್ತಿದ್ಲು.

“ಏನಿದ್ರೂ ಆಮೇಲೆ ಕೇಳು. ಕೈ ಇಳಿಸು” ಅಂದೆ. ಇಳಿಸಿದ್ಲು.

ದೋಣಿ ವಾಪಸ್ ತಿರುಗಿದ ಮೇಲೆ ಬಾಯಿ ಬಿಟ್ಲು: “ನಿನ್ನ ಹಿಂದೆ ಹುಲಿ ನೀರು ಕುಡೀತಿತ್ತು ಮಾರಾಯ್ತಿ! ಎಷ್ಟು ಸನ್ನೆ ಮಾಡೋದು ನಿನಗೆ?”

ಈಗ ಫೋಟೋ ಕಳಿಸಿದಾಳೆ. ಮುಂದೆ ನಾನು, ನನ್ನ ಬೆರಳು. ಹಿಂದೆ ದಡದಲ್ಲಿ ಹುಲಿ, ನೀರು ಕುಡಿಯೋದು ಬಿಟ್ಟು, ತಲೆ ಎತ್ತಿ ನನ್ನ ಪಾಠ ಕೇಳ್ತಾ ಇದೆ.