ಅರ್ಧ ದರದ ಸೀಟು

ನರೀನ್,
ಸೆಪ್ಟೆಂಬರ್ ೧೮

ಪ್ರೀತಿಯ ಸೊಸೆ ಚೋಲ್ಪೋನ್,

ಹೇಗಿದ್ದೀಯ ಮಗಳೇ? ವಿಮಾನದಲ್ಲಿ ತಲೆ ಸುತ್ತಲಿಲ್ಲವಷ್ಟೆ? ಇಸ್ತಾಂಬುಲ್ಲಿನ ನೀರು ಹಿಡಿಸಿತೇ? ನನ್ನ ಮಗ ತಾಲಾಯ್ ಬೇಕರಿ ಕೆಲಸದಲ್ಲಿ ಬರೀ ರೊಟ್ಟಿ ಕಡಿದುಕೊಂಡೇ ದಿನ ದೂಡಿದ್ದಾನು, ನೀನು ಹೋದ ಮೇಲಾದರೂ ಬಿಸಿ ಸಾರು ಕಾಣಲಿ. ನನ್ನ ಮೊಣಕಾಲು ಚೆನ್ನಾಗಿದೆ. ಅವತ್ತೂ ಚೆನ್ನಾಗಿಯೇ ಇತ್ತು. ಅದನ್ನು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ಮನೆಯವರೆಲ್ಲ ಕಿವಿಯಿಟ್ಟು ಕೂರುತ್ತಾರೆ.

ನಿನ್ನನ್ನು ವಿಮಾನಕ್ಕೆ ಬಿಡಲು ಬಾಡಿಗೆ ಕಾರು ಮಾಡಿದ್ದಕ್ಕೆ ನಿನ್ನ ಮಾವ ಇನ್ನೂ ಗೊಣಗುತ್ತಿದ್ದಾರೆ. "ಸ್ಟ್ಯಾಂಡಿನಲ್ಲಿ ಎರಡು ಸೀಟು ಹಿಡಿಯೋದು ಬಿಟ್ಟು ಇಡೀ ಕಾರು ಬೇಕಾಯ್ತಾ, ನೀನೇನು ಮಂತ್ರಿ ಹೆಂಡ್ತೀನಾ?" ಅಂತ. ಅವರಿಗೇನು ಗೊತ್ತು? ಸ್ಟ್ಯಾಂಡಿನ ಕಾರು ಬಿಷ್ಕೆಕ್‌ವರೆಗೆ ಮಾತ್ರ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಇನ್ನೊಂದು ಹಿಡಿಯಬೇಕು, ಅವರು ಚರ್ಮ ಸುಲಿಯುತ್ತಾರೆ. ಪಕ್ಕದ ಬೀದಿಯ ಬಾಕಸ್‌ನ ಕಾರನ್ನೇ ಪೂರ್ತಿ ಗೊತ್ತುಮಾಡಿ, ಮಿಕ್ಕ ಸೀಟು ನಾವೇ ಮಾರಿಕೊಂಡರೆ ಅರ್ಧ ಖರ್ಚು ಉಳಿಯಿತು. ಮುಂದಿನ ಸೀಟಿಗೆ ಆ ಕುರಿ ವ್ಯಾಪಾರಿ ಸಿಕ್ಕಿದ, ಹತ್ತಿದಾಗಿನಿಂದ ಗೊರಕೆ ಹೊಡೆದನಲ್ಲ, ಅವನು. ಹಿಂದೆ ನೀನು, ನಾನು, ನಡುವೆ ನಿನ್ನ ಗಂಟುಮೂಟೆ. ನಿನ್ನ ತವರೂರು ಕೊಚ್ಕೋರ್‌ನಿಂದಾಚೆಗೆ ನನ್ನ ಸೀಟನ್ನೂ ಮಾರಿಬಿಟ್ಟಿದ್ದೆ, ನಿಮ್ಮಮ್ಮನಿಗೆ.

ನೀನು ಹೊರಡುವುದು ಗೊತ್ತಾದಾಗಿನಿಂದ ನನಗೆ ಒಂದೇ ಕೊರಗು, ಹೆತ್ತವಳ ಹತ್ತಿರ ಮಾತಿಲ್ಲದೆ ಹುಡುಗಿ ದೇಶ ಬಿಡಬಾರದು ಅಂತ. ನಿನ್ನ ಮದುವೆ ಊಟದಲ್ಲಿ ನನ್ನ ಮೈದುನ ಜುಮಾಲಿ, ಬೀಗಿತ್ತಿಯೆಂದು ನಿಮ್ಮಮ್ಮನಿಗೆ ಮರ್ಯಾದೆಯಿಂದ ಸಲ್ಲಬೇಕಾದ ಕುರಿಯ ಬಾಲದ ಬುಡದ ತುಂಡನ್ನು ಇನ್ಯಾರಿಗೋ ಇಟ್ಟು, ಚಿಕ್ಕವರು ಕಡಿಯುವ ಕಾಲಿನ ಮೂಳೆಯನ್ನು ಅವರ ಮುಂದೆ ಇಟ್ಟ. ಅವರು ಕೈ ಒರೆಸಿಕೊಂಡು ಎದ್ದರು. ನೀನಾದರೂ ಸುಮ್ಮನಿದ್ದೆಯಾ? "ಒಂದು ಮೂಳೆಗೆ ಇಷ್ಟೊಂದಾ ಅಮ್ಮಾ" ಅಂದುಬಿಟ್ಟೆ, ಅಷ್ಟು ಜನರ ಮುಂದೆ. ಅಲ್ಲಿಗೆ ಮಾತು ನಿಂತಿತು, ಮೂರು ವರ್ಷ. ತಾಯಿಗೆ ತಕ್ಕ ಮಗಳು.

ಕರೆದರೆ ಸಾಯ್ರಾಗುಲ್ ಬೀಗಿತ್ತಿ ಬರುವವರಲ್ಲ. ಆದರೆ ಸಿಟ್ಟು ಬಿಡದಿದ್ದರೂ ಅಗ್ಗದ ಸೀಟು ಬಿಡುವವರೂ ಅಲ್ಲ. ನೀನು ಹೊರಡುವ ಹಿಂದಿನ ದಿನ ಬಾಕಸ್ ಆ ದಾರಿಯಲ್ಲಿ ಹೋಗುವಾಗ ಅವನಿಂದ ಹೇಳಿಸಿದೆ. "ಅಮ್ಮಾ, ಹಲ್ಲು ತೋರಿಸ್ಬೇಕು ಅಂತಿದ್ರಂತೆ, ನಾಳೆ ಬಿಷ್ಕೆಕ್‌ಗೆ ಅರ್ಧ ರೇಟಿಗೆ ಒಂದು ಸೀಟಿದೆ." "ಕಾಲು ಭಾಗಕ್ಕೆ ಬರ್ತೀನಿ" ಅಂದರಂತೆ. ಆಗಲಿ ಎಂದು ಮುಂಗಡ ಈಸಿಕೊಂಡೇ ಬಂದ. ಹೇಳಿಕೊಟ್ಟವಳು ನಾನೇ.

ಕೊಚ್ಕೋರಿನಲ್ಲಿ ಮೊಣಕಾಲು ಹಿಡಿದುಕೊಂಡು ನಾನು ಇಳಿದಾಗ ನಿನಗೆ ಗಾಬರಿಯಾಯಿತು, ಪಾಪ. ಕಾರಿನ ಬಾಗಿಲ ಬಳಿ ಬಂದ ನಿಮ್ಮಮ್ಮನಿಗೆ ಅದಕ್ಕಿಂತ ಗಾಬರಿ. ನಿನ್ನನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟರು. "ಮುಂಗಡ ವಾಪಸ್ ಕೊಡಲ್ಲಮ್ಮ" ಅಂದ ಬಾಕಸ್. ಹತ್ತಿ ಕೂತರು. ಕಾರು ತಿರುವಿನಲ್ಲಿ ಮರೆಯಾದಾಗ ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ವಿಮಾನ ಹತ್ತಿರದಿಂದ ನೋಡಬೇಕೆಂದು ಹೊಸ ತಲೆವಸ್ತ್ರ ಕಟ್ಟಿಕೊಂಡು ಬಂದಿದ್ದೆ. ನಿನ್ನ ಹಣೆಗೆ ಮುತ್ತಿಟ್ಟು ಕಳಿಸುವ ಆಸೆ ನನಗೂ ಇತ್ತು.

ಮುಂದಿನದನ್ನು ಬಾಕಸ್ ಬಂದು ಹೇಳಿದ. ಕಣಿವೆ ಬರುವವರೆಗೆ ಇಬ್ಬರೂ ಒಂದೊಂದು ಕಿಟಕಿ ನೋಡುತ್ತಿದ್ದಿರಂತೆ. ಆಮೇಲೆ ಅತ್ತು, ಬೈದು, ನಕ್ಕು ನೀವು ಮಾಡಿದ ಗದ್ದಲಕ್ಕೆ ಕುರಿ ವ್ಯಾಪಾರಿಗೂ ಎಚ್ಚರವಾಯಿತಂತೆ. ಹಲ್ಲಿನ ಡಾಕ್ಟರ ಬೀದಿ ಬಂದಾಗ ನಿಮ್ಮಮ್ಮ ಇಳಿಯಲೇ ಇಲ್ಲವಂತೆ. "ದುಡ್ಡು ಕೊಟ್ಟಿದೀನಿ, ಕೊನೇವರೆಗೂ ಬರ್ತೀನಿ, ನಡಿ" ಅಂದರಂತೆ.

ತಾಲಾಯ್‌ಗೆ ನನ್ನ ಆಶೀರ್ವಾದ. ನಿಮ್ಮಿಬ್ಬರ ಹಾದಿ ಹಾಲಿನಂತೆ ಬೆಳ್ಳಗಿರಲಿ.

ನಿನ್ನ ಅತ್ತೆ,
ಬುರ್ಮಾಕಾನ್

ಮರೆತಿದ್ದೆ: ಕಾಗದ ಒಯ್ಯುವವಳು ಬಾಗಿಲಲ್ಲೇ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ಅವತ್ತು ಸಂಜೆಯವರೆಗೆ ನಿಮ್ಮಮ್ಮನ ಮನೆಯಲ್ಲೇ ಕಾದಿದ್ದೆ. ಅವರು ಬಂದು ಊಟಕ್ಕೆ ನನ್ನ ಮುಂದೆ ಕಾಲಿನ ಮೂಳೆ ಇಟ್ಟರು. "ತಿನ್ನಿ ಬೀಗಿತ್ತಿ, ಲೆಕ್ಕ ಚುಕ್ತಾ." ಚೂರೂ ಬಿಡದೆ ತಿಂದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಈಗ ದಿನಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರಂತೆ. ತಾವಾಗಿ ಮಾಡಲು ಬಿಂಕ, ಕೇಳಿದರೆ ಖರ್ಚು ಅನ್ನುತ್ತಾರೆ. ಭಾನುವಾರ ನೀನು ಮೊದಲು ಅವರಿಗೆ ಮಾಡು ಮಗಳೇ. ನನಗೆ ಆಮೇಲೆ ಮಾಡಿದರೂ ಆದೀತು.